ಜಂಗ್ ಸ್ತ್ರೀಲಿಂಗ

ನಮ್ಮ ಮನೆಯ ಒಂದು ಸ್ಟೀಲ್ ಡಬ್ಬಿ ಎರಡು ವರ್ಷ ಮೂರು ತಿಂಗಳು ಪಾಕಿಸ್ತಾನದ ವಶದಲ್ಲಿತ್ತು.

ಗಡಿ ದಾಟಿ ಹೋಗಿತ್ತು ಅಂದುಕೊಳ್ಳಬೇಡಿ. ಶಿಕಾಗೋ ಊರಿನ ಉತ್ತರ ಭಾಗದಲ್ಲಿ, ಡೆವಾನ್ ಅವೆನ್ಯೂಗೆ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಕೆಂಪು ಇಟ್ಟಿಗೆಯ ಮೂರಂತಸ್ತಿನ ಒಂದು ಬಾಡಿಗೆ ಕಟ್ಟಡ. ನಡುವಿನ ಅಂತಸ್ತಿನಲ್ಲಿ ನಾವು, ಮೇಲಿನದರಲ್ಲಿ ಅವರು. ಡಬ್ಬಿ ಹತ್ತಿದ್ದು ಹದಿನಾರೇ ಮೆಟ್ಟಿಲು. ಆದರೆ 1999ರ ಜೂನ್‌ನಲ್ಲಿ ಆ ಹದಿನಾರು ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, ಡಬ್ಬಿ ವಾಪಸ್ ಕೇಳುವಂಥ ಗಂಡಸು ನಮ್ಮ ಮನೆಯಲ್ಲಿರಲಿಲ್ಲ. ಇದ್ದ ಒಬ್ಬನೇ ಗಂಡಸು ನಾನು.

ಡಬ್ಬಿ ಅಮ್ಮನದು. ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಹಾಕಿಕೊಟ್ಟ ಹೆಸರು, ಅದರಲ್ಲಿ ಒಂದು ಒತ್ತಕ್ಷರ ಮಾಯ. ನಾನು ಅಮೆರಿಕಕ್ಕೆ ಹೊರಟಾಗ ಚಟ್ನಿಪುಡಿ ತುಂಬಿ ಕೊಟ್ಟಿದ್ದಳು. ಚಟ್ನಿಪುಡಿ ಮೂರು ವಾರಕ್ಕೆ ಮುಗಿಯಿತು, ಡಬ್ಬಿ ಸಂಸಾರಕ್ಕೆ ಸೇರಿಕೊಂಡಿತು.

ಮೇಲಿನ ಮನೆಯವರು ಲಾಹೋರಿನವರು. ಅಲ್ಲಿ ಹೈಸ್ಕೂಲಿನಲ್ಲಿ ಉರ್ದು ಮೇಷ್ಟ್ರಾಗಿದ್ದು, ಇಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಮೊದಲ ದಿನ ಮೆಟ್ಟಿಲ ಮೇಲೆ ಸಿಕ್ಕಾಗ ಊರು ಯಾವುದು ಅಂದರು. ಮೈಸೂರ್ ಅಂದೆ. ಅವರ ಕಿವಿಗೆ ಅದು ಮಸೂರ್ ಎಂದು ಬಿತ್ತು. ಬೇಳೆಯ ಹೆಸರಿನ ಊರೂ ಇದೆಯಾ ಎಂದು ಸಂತೋಷಪಟ್ಟರು. ಅಂದಿನಿಂದ ನಾನು 'ಮಸೂರ್ ಸಾಹಬ್'. ನನ್ನ ಹೆಂಡತಿ ಅವರನ್ನು ಲಾಹೋರಣ್ಣ ಎಂದು ಕರೆದಳು. ಅಣ್ಣ ಅಂದರೆ ಭಾಯಿ ಅಂತ ತಿಳಿದ ಮೇಲೆ ಅವರು ಬೇರೆ ಯಾವ ಹೆಸರಿಗೂ ಓಗೊಡುತ್ತಿರಲಿಲ್ಲ. ಅವರ ಹೆಂಡತಿ ನಮಗಿಬ್ಬರಿಗೂ ಬಾಜಿ, ಅಂದರೆ ಅಕ್ಕ.

ನಮ್ಮಿಬ್ಬರ ನಡುವಿನ ಭಾಷೆ ಅವರ ಪ್ರಕಾರ ಉರ್ದು, ನನ್ನ ಪ್ರಕಾರ ಹಿಂದಿ, ಬಾಜಿಯ ಪ್ರಕಾರ ಎರಡೂ ಅಲ್ಲ. ನಾನು ಮೈಸೂರಿನಲ್ಲಿ ಹಿಂದಿ ಪ್ರಚಾರದವರ ಪ್ರಥಮಾ, ಮಧ್ಯಮಾ ಪರೀಕ್ಷೆ ಪಾಸು ಮಾಡಿದವನು. ಸರ್ಟಿಫಿಕೇಟು ಇದೆ, ಲಿಂಗಜ್ಞಾನ ಇಲ್ಲ. ಕನ್ನಡದಲ್ಲಿ ಕುರ್ಚಿ, ಮೇಜು, ರೈಲು, ಮಳೆ ಎಲ್ಲವೂ 'ಅದು'. ಕುರ್ಚಿ ಹೆಂಗಸು, ಪಲಂಗ ಗಂಡಸು ಎಂದು ನೆನಪಿಟ್ಟುಕೊಂಡು ಕೂರುವುದು ನಮ್ಮ ಜಾಯಮಾನವಲ್ಲ. ನಾನು ರೈಲನ್ನು ಗಂಡಾಗಿಸಿದಾಗಲೆಲ್ಲ ಲಾಹೋರಣ್ಣ ಕಣ್ಣು ಮುಚ್ಚಿಕೊಂಡು, ಹಲ್ಲುನೋವು ಬಂದವರ ಹಾಗೆ ಮುಖ ಮಾಡಿ, ಮೆಲ್ಲಗೆ ತಿದ್ದುತ್ತಿದ್ದರು. ಟ್ಯಾಕ್ಸಿ ಹಿಡಿದರೂ ಮೇಷ್ಟರಿಕೆ ಬಿಟ್ಟಿರಲಿಲ್ಲ.

ನಾನು ಆಗ ವೈ-ಟು-ಕೆ ಕೂಲಿ. ಹಳೆಯ ಕೋಬಾಲ್ ಪ್ರೋಗ್ರಾಮುಗಳಲ್ಲಿ ಇಸವಿಗೆ ಎರಡೇ ಅಂಕಿ ಇರುವುದರಿಂದ 2000 ಬಂದೊಡನೆ ಕಂಪ್ಯೂಟರುಗಳು ಅದನ್ನು 1900 ಅಂದುಕೊಂಡು ಪ್ರಪಂಚ ಮುಳುಗಿಸುತ್ತವೆ ಎಂಬ ಭಯ. ಆ ವರ್ಷಕ್ಕೆ ಅಮೆರಿಕ ಎಚ್-1ಬಿ ವೀಸಾಗಳ ಮಿತಿಯನ್ನು 65,000ದಿಂದ 1,15,000ಕ್ಕೆ ಏರಿಸಿತ್ತು. ನಾನು ಅದಕ್ಕೂ ಮೊದಲೇ ಬಂದು ಸೇರಿಕೊಂಡವನು. ನೂರು ವರ್ಷ ಹಿಂದಕ್ಕೆ ಜಾರದಂತೆ ಲೋಕವನ್ನು ಹಿಡಿದುಕೊಂಡಿರಲು ನನಗೆ ಸಂಬಳ. ನಾನು ಐವತ್ತೆರಡು ವರ್ಷ ಹಿಂದಕ್ಕೆ, 1947ಕ್ಕೆ, ಸಲೀಸಾಗಿ ಜಾರಿದ್ದು ಮಾತ್ರ ಯಾವ ಪ್ರೋಗ್ರಾಮಿಗೂ ಗೊತ್ತಾಗಲಿಲ್ಲ.

ಹಿಂದಿನ ವರ್ಷ ಮೇನಲ್ಲಿ ನಾವು ಪೋಖ್ರಾನ್‌ನಲ್ಲಿ ಬಾಂಬು ಸಿಡಿಸಿದಾಗ, ಎರಡು ವಾರ ಬಿಟ್ಟು ಅವರು ಚಾಗೈಯಲ್ಲಿ ಸಿಡಿಸಿದಾಗ, ನಾವಿಬ್ಬರೂ ಪರಸ್ಪರ ಅಭಿನಂದನೆ ಹೇಳಿಕೊಂಡಿದ್ದೆವು, ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾದ ಹಾಗೆ. 1999ರ ಫೆಬ್ರುವರಿಯಲ್ಲಿ ವಾಜಪೇಯಿಯವರು ಬಸ್ಸಿನಲ್ಲಿ ಲಾಹೋರಿಗೆ ಹೋದಾಗ ಲಾಹೋರಣ್ಣ ನನ್ನನ್ನು ಮನೆಗೆ ಕರೆದು, ತಾವೇ ಆತಿಥೇಯರೆಂಬಂತೆ ಉಪಚಾರ ಮಾಡಿದ್ದರು. ಅವರ ಅಪ್ಪ ಜಾಲಂಧರದಲ್ಲಿ ಹುಟ್ಟಿದವರು. ಬಸ್ಸು ಓಡಾಡಲು ಶುರುವಾದರೆ ಒಮ್ಮೆ ಆ ಮನೆ ಹುಡುಕಬೇಕು, ಅಲ್ಲಿಂದ ಮುಂದೆ ಮಸೂರಿಗೂ ಬರುತ್ತೇನೆ ಎಂದಿದ್ದರು.

ಆಮೇಲೆ ಮೇ ಬಂತು. ಕಾರ್ಗಿಲ್ ಬಂತು.

ಮೊದಮೊದಲು ನಾವು ಆ ಮಾತೆತ್ತದೆ ಹವಾಮಾನ ಮಾತಾಡಿದೆವು. ಶಿಕಾಗೋದಲ್ಲಿ ಹವಾಮಾನದ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಮೇ 27ರಂದು ವಿಮಾನದಿಂದ ಧುಮುಕಿ ಸೆರೆಸಿಕ್ಕಿದ್ದ ನಮ್ಮ ಫ್ಲೈಟ್ ಲೆಫ್ಟಿನೆಂಟ್ ನಚಿಕೇತ ಅವರನ್ನು ಜೂನ್ 3ರಂದು ಪಾಕಿಸ್ತಾನ ಬಿಟ್ಟುಕೊಟ್ಟಿತು. ಅದೇ ವಾರ ನಮ್ಮ ಮಗಳ ಹುಟ್ಟಿದ ಹಬ್ಬ. ಮನೆಯೊಳಗೆ ಸಮಾಧಾನವೂ ತುಪ್ಪವೂ ಒಟ್ಟಿಗೆ ಇದ್ದದ್ದರಿಂದ ನನ್ನ ಹೆಂಡತಿ ಮೈಸೂರ್ ಪಾಕ್ ಮಾಡಿ, ಅಮ್ಮನ ಡಬ್ಬಿಯಲ್ಲಿ ತುಂಬಿ ಮೇಲಕ್ಕೆ ಕಳಿಸಿದಳು. ಲಾಹೋರಣ್ಣ ಒಂದು ತುಂಡು ಬಾಯಿಗೆ ಹಾಕಿಕೊಂಡು ಹೆಸರು ಕೇಳಿದರು. ಹೇಳಿದೆ. ಅವರು ಅಗಿಯುವುದನ್ನೇ ನಿಲ್ಲಿಸಿದರು. "ಮೈಸೂರ್ ಭೀ, ಪಾಕ್ ಭೀ? ಒಂದೇ ತಟ್ಟೆಯಲ್ಲಿ?" ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಕಥೆ, ನಾಲ್ವಡಿ ಕೃಷ್ಣರಾಜ ಒಡೆಯರು ಸವಿದು ಹೆಸರು ಕೇಳಿದಾಗ ಆತ ತಡವರಿಸಿ ಇದು ಪಾಕ ಎಂದದ್ದು, ಎಲ್ಲ ಹೇಳಿದೆ. ನಮ್ಮಲ್ಲಿ ಪಾಕ ಅಂದರೆ ಅಡುಗೆ, ಸಕ್ಕರೆ ಕಾಯಿಸಿದ್ದು. ಅವರಲ್ಲಿ ಪಾಕ್ ಅಂದರೆ ಶುದ್ಧ. ತುಪ್ಪ ಶುದ್ಧವಾಗಿದ್ದರೆ ಎರಡೂ ಒಂದೇ, ಎಂದು ಅವರು ಇನ್ನೊಂದು ತುಂಡು ತೆಗೆದುಕೊಂಡರು.

ಐದು ದಿನ ಕಳೆದು ಜೂನ್ 8. ವಿಶ್ವಕಪ್ಪು, ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್, ಭಾರತ ಮತ್ತು ಪಾಕಿಸ್ತಾನ.

ಡಿಶ್ ಆಂಟೆನಾ ಅವರ ಮನೆಯದು. ವಿಶ್ವಕಪ್ಪಿಗಾಗಿ ಕಟ್ಟಬೇಕಿದ್ದ ಹಣದಲ್ಲಿ ಅರ್ಧ ನನ್ನದು. ಇಂಗ್ಲೆಂಡಿನ ಬೆಳಗು ಅಂದರೆ ನಮಗೆ ನಸುಕು. ನಾನು ಆಫೀಸಿಗೆ ಜ್ವರವೆಂದು ಫೋನ್ ಮಾಡಿ, ಕಂಬಳಿ ಹೊದ್ದು ಮೆಟ್ಟಿಲು ಹತ್ತಿದೆ. ಅವರು ಟ್ಯಾಕ್ಸಿ ನಿಲ್ಲಿಸಿ ಚಹಾ ಇಟ್ಟಿದ್ದರು. ನಮ್ಮವರದು 227, ಅದರಲ್ಲಿ ದ್ರಾವಿಡ್ 61. ಪಾಕಿಸ್ತಾನ 180ಕ್ಕೆ ಗಂಟುಮೂಟೆ. ವೆಂಕಟೇಶ್ ಪ್ರಸಾದ್ 27 ರನ್ನಿಗೆ ಐದು, ಶ್ರೀನಾಥ್ ಮೂರು, ಕುಂಬ್ಳೆ ಎರಡು. ಕೂಡಿಸಿ ನೋಡಿ. ಹತ್ತಕ್ಕೆ ಹತ್ತೂ ನಮ್ಮ ಕರ್ನಾಟಕದ ಹುಡುಗರು. ಇಷ್ಟು ಲೆಕ್ಕ ಸಿಕ್ಕಿದ ಕನ್ನಡಿಗ ಬಾಯಿ ಮುಚ್ಚಿಕೊಂಡು ಕೂತಾನೆಯೇ? ನಾನು ಬೆರಳು ಮಡಿಸಿ ಮಡಿಸಿ ಎಣಿಸಿದೆ, ಕನ್ನಡದಲ್ಲಿ ಒಮ್ಮೆ, ಹಿಂದಿಯಲ್ಲಿ ಇನ್ನೊಮ್ಮೆ. ಲಾಹೋರಣ್ಣ "ಮುಬಾರಕ್" ಎಂದು ನನ್ನ ಲೋಟಕ್ಕೆ ಚಹಾ ಬಗ್ಗಿಸಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು.

"ಕಾರ್ಗಿಲ್ ಮೇಂ ಭೀ ಐಸಾ ಹೀ ಹೋಗಾ," ಅಂದೆ. ಅವರ ಮನೆಯ ಸೋಫಾದ ಮೇಲೆ, ಅವರ ಚಹಾ ಕೈಯಲ್ಲಿ ಹಿಡಿದು.

ಅವರು ಟಿವಿ ಸಣ್ಣ ಮಾಡಿದರು. "ವಹಾಂ ಹಮಾರೀ ಫೌಜ್ ಹೈ ಹೀ ನಹೀಂ." ಅಲ್ಲಿ ನಮ್ಮ ಸೈನ್ಯವೇ ಇಲ್ಲ. ಆಗ ಇಸ್ಲಾಮಾಬಾದಿನವರು ದಿನಾ ಹೇಳುತ್ತಿದ್ದ ಮಾತೇ ಅದು: ಗುಡ್ಡದ ಮೇಲಿರುವವರು ಮುಜಾಹಿದೀನ್‌ಗಳು, ನಮ್ಮವರಲ್ಲ. ನಾನು ನಕ್ಕೆ. ಆ ನಗೆ ಈಗಲೂ ನನಗೆ ಕೇಳುತ್ತದೆ, ಚೆನ್ನಾಗಿರಲಿಲ್ಲ. "ನೀವು ಹೇಗೂ ಅಮೆರಿಕದ ಪ್ರಜೆ, ನಿಮಗ್ಯಾಕೆ ಅವರ ವಕಾಲತ್ತು? ಪ್ರಮಾಣ ಮಾಡಿದ್ದೀರಲ್ಲ?" ಎಂದೂ ಸೇರಿಸಿದೆ.

"ನೀವು ಪ್ರಮಾಣ ಮಾಡುತ್ತೀರಿ. ನಮ್ಮ ಭಾಷೆಯಲ್ಲಿ ಕಸಮ್ ತಿನ್ನುತ್ತೇವೆ. ತಿಂದದ್ದು ಜೀರ್ಣವಾಗಿ ಹೋಗುತ್ತದೆ, ಮಸೂರ್ ಸಾಹಬ್."

ಬೇರೆ ದಿನವಾಗಿದ್ದರೆ ಈ ಮಾತಿಗೆ ಇಬ್ಬರೂ ನಗುತ್ತಿದ್ದೆವು. ಅಂದು ನಾನು ಎದ್ದು ನಿಂತೆ. "ಫೌಜ್ ನಹೀಂ ಹೈ ತೋ ಜಂಗ್ ಕೈಸೇ ಶುರೂ ಹುವಾ?" ಸೈನ್ಯವಿಲ್ಲದಿದ್ದರೆ ಯುದ್ಧ ಶುರುವಾದದ್ದು ಹೇಗೆ?

"ಹುಯೀ," ಅಂದರು.

"ಕ್ಯಾ?"

"ಜಂಗ್ ಶುರೂ ಹುಯೀ. ಜಂಗ್ ಮುಅನ್ನಸ್ ಹೈ."

ಮುಅನ್ನಸ್. ಪ್ರಥಮಾದಲ್ಲೂ ಮಧ್ಯಮಾದಲ್ಲೂ ಕೇಳದ ಮಾತು. ಅವರು ಅದನ್ನು ಹೇಳಿದ ಬಗೆ ನೋಡಿದರೆ ಯಾವುದೋ ಹೇಳಬಾರದ ಬೈಗುಳವೇ ಸೈ ಎಂದುಕೊಂಡೆ. ಚಹಾದ ಲೋಟ ಇಟ್ಟೆ. ಕಂಬಳಿ ಹೊದ್ದುಕೊಂಡು, ಅವಮಾನಿತ ಸೇನಾಪತಿಯ ಹಾಗೆ ಹದಿನಾರು ಮೆಟ್ಟಿಲು ಇಳಿದೆ. ಡಬ್ಬಿ ಮೇಲೆಯೇ ಉಳಿಯಿತು.

ಕಾರ್ಗಿಲ್‌ನ ಕಷ್ಟವೇನೆಂದರೆ ಎತ್ತರದ ಜಾಗ ಅವರ ಕೈಯಲ್ಲಿತ್ತು ಎಂದು ಪತ್ರಿಕೆಗಳೆಲ್ಲ ವಿವರಿಸುತ್ತಿದ್ದವು. ನನಗೆ ನಕ್ಷೆಯೇ ಬೇಕಿರಲಿಲ್ಲ, ಸೂರು ನೋಡಿದರೆ ಸಾಕು. ಅವರ ನೆಲ ನಮ್ಮ ಸೂರು. ಟಿವಿಗೆ ಅರ್ಧ ದುಡ್ಡು ಕೊಟ್ಟವನು ನಾನು. ಸೆಮಿಫೈನಲ್ಲಿನಲ್ಲಿ ಪಾಕಿಸ್ತಾನ ನ್ಯೂಜಿಲೆಂಡನ್ನು ಒಂಬತ್ತು ವಿಕೆಟ್ಟಿನಿಂದ ಬಡಿದದ್ದನ್ನು ಸೂರಿನ ಧಡಧಡದಿಂದ ತಿಳಿದುಕೊಳ್ಳಬೇಕಾಯಿತು. ಅಷ್ಟು ಹೊತ್ತಿಗೆ ನಮ್ಮವರು ಸೂಪರ್ ಸಿಕ್ಸ್‌ನಲ್ಲೇ ಗಂಟು ಕಟ್ಟಿ ಮನೆಗೆ ಹೊರಟಿದ್ದರು, ಪಾಕಿಸ್ತಾನವನ್ನು ಸೋಲಿಸಿದ ಮೇಲೂ. ಜೂನ್ 20, ಫೈನಲ್, ಲಾರ್ಡ್ಸ್. ನಾನು ಸೂರಿಗೆ ಕಿವಿಗೊಟ್ಟು ಕುಳಿತೆ. ಏನೂ ಕೇಳಲಿಲ್ಲ. ಮಧ್ಯಾಹ್ನದವರೆಗೂ ಒಂದು ಕುರ್ಚಿ ಸಹ ಜರುಗಲಿಲ್ಲ. ಪಾಕಿಸ್ತಾನ 132ಕ್ಕೆ ಉದುರಿ, ಆಸ್ಟ್ರೇಲಿಯಾ ಎಂಟು ವಿಕೆಟ್ಟಿನಿಂದ ಗೆದ್ದಿತ್ತು. ಖುಷಿಪಡಬೇಕೆಂದು ಪ್ರಯತ್ನಪಟ್ಟೆ. ಸದ್ದಿಲ್ಲದ ಸೂರಿನ ಕೆಳಗೆ ಒಬ್ಬನೇ ಕುಳಿತು ಖುಷಿಪಡುವುದು ಸುಲಭವಲ್ಲ.

ಕಟ್ಟಡದ ನೆಲಮಾಳಿಗೆಯಲ್ಲಿ ನಾಣ್ಯ ಹಾಕುವ ಎರಡು ಬಟ್ಟೆ ಒಗೆಯುವ ಮಷಿನ್‌ಗಳಿದ್ದವು. ಅದೇ ನಿಯಂತ್ರಣ ರೇಖೆ. ಅವರ ಬನಿಯನ್‌ಗಳು ತಿರುಗುತ್ತಿದ್ದರೆ ನಾನು ಬುಟ್ಟಿ ಹೊತ್ತು ಹಿಂದಕ್ಕೆ ಬರುತ್ತಿದ್ದೆ. ಡೆವಾನ್‌ಗೆ ಹೋದರೂ ಅದೇ ಕಥೆ. ಅಲ್ಲಿ ಒಂದೇ ರಸ್ತೆಯ ಒಂದು ತುಂಡಿಗೆ ಗಾಂಧಿ ಮಾರ್ಗ ಎಂಬ ಫಲಕ, ಇನ್ನೊಂದು ತುಂಡಿಗೆ ಮಹಮದ್ ಅಲಿ ಜಿನ್ನಾ ವೇ. ಗೋಲ್ಡಾ ಮೇಯರ್, ಶೇಖ್ ಮುಜೀಬ್ ಹೆಸರಿನ ತುಂಡುಗಳೂ ಉಂಟು. ಉಪಖಂಡದಲ್ಲಿ ರಕ್ತ ಹರಿಸಿ ಹಂಚಿಕೊಂಡದ್ದನ್ನು ಶಿಕಾಗೋ ನಗರಸಭೆ ಕಂದುಬಣ್ಣದ ತಗಡಿನಲ್ಲಿ ಹಂಚಿ ಮುಗಿಸಿತ್ತು. ಆ ಜೂನ್‌ನಲ್ಲಿ ನಾನು ಜಿನ್ನಾ ತುಂಡಿನ ಅಂಗಡಿಯಲ್ಲಿ ಕೊತ್ತಂಬರಿ ಕೊಳ್ಳುವುದನ್ನು ಬಿಟ್ಟೆ. ಗಾಂಧಿ ತುಂಡಿನಲ್ಲಿ ಕಟ್ಟಿಗೆ ಹತ್ತು ಸೆಂಟು ಜಾಸ್ತಿ. ದೇಶಭಕ್ತಿಗೆ ನಾನು ಕೊಟ್ಟ ಬೆಲೆ ಅಷ್ಟು. ಯೋಧರ ನಿಧಿಗೆ ಐವತ್ತು ಡಾಲರಿನ ಚೆಕ್ ಬರೆದೆ, ಅದು ಬೇರೆ.

ಹೆಂಗಸರು ಮಾತು ಬಿಟ್ಟಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ನೆಲಮಾಳಿಗೆಯಲ್ಲಿ ಮಷಿನ್ನಿನ ಸದ್ದಿನ ಮರೆಯಲ್ಲಿ ಕರಿಬೇವು ಮೇಲಕ್ಕೂ ಪುದೀನ ಕೆಳಕ್ಕೂ ಓಡಾಡುತ್ತಿತ್ತಂತೆ. ಮುಅನ್ನಸ್ ಎಂಬ ಬೈಗುಳದ ಅರ್ಥವೂ ಹಾಗೆಯೇ ಕೆಳಗಿಳಿದು ಬಂತು. ಒಂದು ರಾತ್ರಿ ಹೆಂಡತಿ ಬಟ್ಟೆ ಮಡಿಸುತ್ತಾ ಅಂದಳು: "ಅದು ವ್ಯಾಕರಣವಂತೆ ಕಣ್ರೀ. ಮುಅನ್ನಸ್ ಅಂದ್ರೆ ಸ್ತ್ರೀಲಿಂಗ. ಜಂಗ್ ಹೆಣ್ಣು ಅಂದರಂತೆ ಅಷ್ಟೆ." ನಾನು ಸುಮ್ಮನಿದ್ದೆ. ಅವಳು ಮಡಿಸುವುದನ್ನು ನಿಲ್ಲಿಸಿ, "ಹೆಣ್ಣು ಅಂದಿದ್ದು ಬೈಗುಳ ಅನ್ನಿಸ್ತಾ ನಿಮಗೆ?" ಅಂದಳು. ಎರಡನೆಯ ರಣರಂಗ ತೆರೆಯುವ ಶಕ್ತಿ ನನಗಿರಲಿಲ್ಲ.

"ಹಾಗಾದ್ರೆ ಡಬ್ಬಿ ಈಸ್ಕೊಂಡು ಬಾ," ಅಂದೆ.

"ಬಾಜಿ ಕೊಡೋಕೆ ಬಂದಿದ್ರು. ಬೇಡ, ಯಜಮಾನರೇ ತಂದುಕೊಡಲಿ ಅಂದೆ."

ಜುಲೈ 4, ಭಾನುವಾರ. ಅಮೆರಿಕದ ಸ್ವಾತಂತ್ರ್ಯ ದಿನ. ಅಂದು ಭಾರತದ ಸೈನಿಕರು ಟೈಗರ್ ಹಿಲ್ ಹಿಡಿದರು. ಅಂದೇ ನವಾಜ್ ಷರೀಫ್ ವಾಷಿಂಗ್ಟನ್ನಿಗೆ ಬಂದಿಳಿದು, ರಜಾದಿನದಲ್ಲಿದ್ದ ಬಿಲ್ ಕ್ಲಿಂಟನ್ ಅವರನ್ನು ಬ್ಲೇರ್ ಹೌಸ್‌ನಲ್ಲಿ ಕಂಡು, ಸೈನ್ಯ ಹಿಂತೆಗೆಯಲು ಒಪ್ಪಿದರು. ಇದೇ ಹೊತ್ತಿಗೆ ನಮ್ಮ ಕಟ್ಟಡದ ಹಿತ್ತಿಲಿನಲ್ಲಿ ಮನೆ ಮಾಲೀಕರು ಕೆಂಡದ ಒಲೆ ಹಚ್ಚಿ ಬಾಡಿಗೆದಾರರನ್ನೆಲ್ಲ ಕರೆದಿದ್ದರು. ಅವರು ಜರ್ಮನ್ ಮೂಲದ ಮುದುಕರು, ಎಂಬತ್ತರ ಆಸುಪಾಸು. ಒಲೆಯ ಮೇಲೆ ಸಾಲಾಗಿ ಹಂದಿ ಮಾಂಸದ ಸಾಸೇಜು, ದನದ ಮಾಂಸದ ಬಿಲ್ಲೆ. ನಾನು ಪುಳಿಚಾರು. ಲಾಹೋರಣ್ಣನಿಗೆ ಒಂದು ಹರಾಮ್, ಇನ್ನೊಂದು ಹಲಾಲ್ ಆಗಿರಲಿಲ್ಲ. ಹೀಗೆ ಇಬ್ಬರು ಶತ್ರುಗಳೂ ಬೇರೆ ಬೇರೆ ಶಾಸ್ತ್ರದ ಪ್ರಕಾರ ಹಿಂದೆ ಸರಿಯುತ್ತಾ ಸರಿಯುತ್ತಾ ಮೇಜಿನ ಒಂದೇ ಮೂಲೆಗೆ ಬಂದು ನಿಂತೆವು. ಅಲ್ಲಿದ್ದದ್ದು ಮುಸುಕಿನ ಜೋಳ.

ಸುಟ್ಟ ತೆನೆಗೆ ಈ ದೇಶದವರು ಬೆಣ್ಣೆ ಸವರುತ್ತಾರೆ. ಚಾಮುಂಡಿ ಬೆಟ್ಟದಲ್ಲಿ ತಿಂದವನಿಗೂ ಲಾಹೋರಿನ ಬೀದಿಯಲ್ಲಿ ತಿಂದವನಿಗೂ ಅದು ಜೋಳಕ್ಕೆ ಮಾಡುವ ಅನ್ಯಾಯ. ನನ್ನ ಹೆಂಡತಿ ಕೈಚೀಲದಿಂದ ಉಪ್ಪು-ಖಾರದ ಪೊಟ್ಟಣ, ನಿಂಬೆಹಣ್ಣಿನ ಹೋಳು ತೆಗೆದು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಲಾಹೋರಣ್ಣ ಹೋಳನ್ನು ಖಾರಕ್ಕೆ ಅದ್ದಿ ತೆನೆಯ ಮೇಲೆ ಉಜ್ಜಿದರು. ಆಮೇಲೆ ಹೋಳನ್ನು ನನ್ನ ಕಡೆ ಸರಿಸಿದರು. ನಾನು ಉಜ್ಜಿದೆ. ಮಾತಿಲ್ಲ. ಎರಡೂ ಕಡೆ ಹಲ್ಲಿಗೆ ಜೋಳದ ಸಿಪ್ಪೆ.

ಮಾಲೀಕರು ಬಂದು ನಮ್ಮ ನಡುವೆ ನಿಂತು, ತಮ್ಮ ತಟ್ಟೆಯ ಹುಳಿ ಎಲೆಕೋಸು ತೋರಿಸಿ ಒಂದು ಕಥೆ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಜರ್ಮನಿಯ ಮೇಲೆ ಬಿದ್ದಾಗ ಇದಕ್ಕೆ ಸವರ್‌ಕ್ರೌಟ್ ಅನ್ನುವ ಹಾಗಿರಲಿಲ್ಲವಂತೆ. 'ಸ್ವಾತಂತ್ರ್ಯ ಎಲೆಕೋಸು' ಅನ್ನಬೇಕಿತ್ತು. ಶಿಕಾಗೋ ಸಿಂಫನಿಯ ವಾದ್ಯವೃಂದವನ್ನು ನಡೆಸುತ್ತಿದ್ದ ಫ್ರೆಡರಿಕ್ ಸ್ಟಾಕ್ ಜರ್ಮನಿಯಲ್ಲಿ ಹುಟ್ಟಿದವರು, ಪೌರತ್ವದ ಕಾಗದ ಪೂರ್ತಿಯಾಗಿರಲಿಲ್ಲ. 1918ರಲ್ಲಿ ಅವರು ವೇದಿಕೆ ಬಿಟ್ಟಿಳಿದು, ಕಾಗದ ಸರಿಮಾಡಿಕೊಂಡು ಮರುವರ್ಷ ಹತ್ತಬೇಕಾಯಿತು. ಮಾಲೀಕರ ಅಪ್ಪ ಆ ಕಾಲದಲ್ಲಿ ಮನೆಯಲ್ಲಿ ಜರ್ಮನ್ ಮಾತಾಡುವಾಗ ಕಿಟಕಿ ಮುಚ್ಚುತ್ತಿದ್ದರಂತೆ. "ಸೆಖೆಗಾಲದಲ್ಲೂ," ಎಂದು ಮುದುಕರು ಎಲೆಕೋಸು ಬಾಯಿಗೆ ಹಾಕಿಕೊಂಡರು. ಅಷ್ಟು ಹೊತ್ತಿಗೆ ಅವರಿಗೆ ಜರ್ಮನ್‌ನಲ್ಲಿ ಬರುತ್ತಿದ್ದದ್ದು ತಿಂಡಿಗಳ ಹೆಸರು ಮಾತ್ರ.

ಆ ಹೊತ್ತಿಗೆ ನಾನೂ ಲಾಹೋರಣ್ಣನೂ ಒಬ್ಬರನ್ನೊಬ್ಬರು ನೋಡಿದೆವು. ಅಷ್ಟೇ. ರಾಜಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಮೇಲೆ ಮೆಟ್ಟಿಲ ಮೇಲೆ ಸಿಕ್ಕರೆ ಸಲಾಮು, ನಮಸ್ಕಾರ ನಡೆಯಿತು. ಡಬ್ಬಿ ಬರಲಿಲ್ಲ. 2000 ಬಂತು. ಕಂಪ್ಯೂಟರುಗಳಿಗೆ ಏನೂ ಆಗಲಿಲ್ಲ, ನನಗೆ ಸ್ವಲ್ಪ ನಿರಾಸೆಯೇ ಆಯಿತು.

2001ರ ಸೆಪ್ಟೆಂಬರ್ 11ರ ನಂತರದ ವಾರ. ಆರಿಜೋನಾದ ಮೇಸಾ ಎಂಬ ಊರಿನಲ್ಲಿ ಬಲ್ಬೀರ್ ಸಿಂಗ್ ಸೋಧಿ ಎಂಬ ಸಿಖ್ಖರನ್ನು, ಪೇಟ ನೋಡಿ ಇನ್ಯಾರೋ ಅಂದುಕೊಂಡು, ಅವರದೇ ಪೆಟ್ರೋಲ್ ಬಂಕಿನ ಮುಂದೆ ಗುಂಡಿಟ್ಟು ಕೊಂದ ಸುದ್ದಿ ಬಂದ ಮರುದಿನ ರಾತ್ರಿ ನಮ್ಮ ಬಾಗಿಲು ತಟ್ಟಿದ ಸದ್ದು. ಲಾಹೋರಣ್ಣ. ಟ್ಯಾಕ್ಸಿಗೆ ಬಾವುಟ ಕಟ್ಟಬೇಕು, ಅಂಗಡಿಗೆ ಒಬ್ಬನೇ ಹೋಗಲು ಹಿಂಜರಿಕೆ, ಜೊತೆಗೆ ಬರುತ್ತೀರಾ ಅಂದರು. ನಾನು ಬಂದರೆ ಏನು ಪ್ರಯೋಜನ ಎಂಬುದು ಇಬ್ಬರಿಗೂ ತೋಚಲಿಲ್ಲ. ನನ್ನ ಮೀಸೆ ಅವರ ಗಡ್ಡಕ್ಕಿಂತ ಹೆಚ್ಚು ಅನುಮಾನಾಸ್ಪದವಾಗಿತ್ತು. ಆದರೂ ಹೋದೆ.

ದೊಡ್ಡ ಅಂಗಡಿ. ಬಾವುಟದ ಕಪಾಟು ಖಾಲಿ. ಇಡೀ ದೇಶದಲ್ಲೇ ಆ ವಾರ ಬಾವುಟಕ್ಕೆ ಬರ. ಹುಡುಕಿ ಹುಡುಕಿ, ಕಾರಿನ ಕಿಟಕಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬಾವುಟಗಳ ಒಂದೇ ಒಂದು ಪ್ಯಾಕೆಟ್ ಸಿಕ್ಕಿತು. ಒಳಗೆ ಎರಡು. ದುಡ್ಡು ತೆಗೆದುಕೊಳ್ಳುವ ಹುಡುಗಿ ನಮ್ಮಿಬ್ಬರ ಮುಖವನ್ನೂ ನೋಡಿದಳು. ಅವಳ ಕಣ್ಣಿಗೆ ರಾಡ್‌ಕ್ಲಿಫ್ ಗೆರೆ ಕಾಣಿಸಲಿಲ್ಲ. ನಾಲ್ಕು ಯುದ್ಧ ಮಾಡಿ ನಾವು ಸಂಪಾದಿಸಿದ ವ್ಯತ್ಯಾಸ ಅವಳ ಒಂದು ನೋಟಕ್ಕೆ ಮುಗಿದುಹೋಯಿತು. ಪಾರ್ಕಿಂಗಿನಲ್ಲಿ ಪ್ಯಾಕೆಟ್ ಒಡೆದು ಹಂಚಿಕೊಂಡೆವು. ಈ ವಿಭಜನೆ ಎರಡೇ ನಿಮಿಷದಲ್ಲಿ ಆಯಿತು.

ಬರುವಾಗ ಟ್ಯಾಕ್ಸಿಯಲ್ಲಿ ಮುಂದಿನ ಸೀಟಿನಲ್ಲಿ ಕುಳಿತಿದ್ದೆ. ಕೆಂಪು ದೀಪದಲ್ಲಿ ನಿಂತಾಗ ಲಾಹೋರಣ್ಣ, ಕೇಳದೆಯೇ ಹೇಳಿದರು. ಆ ಜೂನ್‌ನಲ್ಲಿ ಅವರ ತಂಗಿಯ ಮಗ ಫೌಜಿನಲ್ಲಿ ಕ್ಯಾಪ್ಟನ್. ಆರು ವಾರದಿಂದ ಅವನ ಪತ್ರವಿರಲಿಲ್ಲ. ತಂಗಿ ಪ್ರತಿ ರಾತ್ರಿ ಫೋನ್ ಮಾಡಿ ಅಳುತ್ತಿದ್ದಳು. ಅಲ್ಲಿ ನಮ್ಮ ಸೈನ್ಯವೇ ಇಲ್ಲವೆಂದು ಸರ್ಕಾರ ಹೇಳುತ್ತಿದ್ದಾಗ, ಅಲ್ಲಿರಬಹುದಾದ ಮಗನಿಗಾಗಿ ತಾಯಿ ಯಾರ ಹತ್ತಿರ ಹೋಗಿ ಕೇಳಬೇಕು? "ನಾನು ಆವತ್ತು ಅಲ್ಲಿ ಫೌಜ್ ಇಲ್ಲ ಅಂದದ್ದು ನಿಮಗಲ್ಲ," ಅಂದರು. ದೀಪ ಹಸಿರಾಯಿತು.

ನಾನು ಸ್ವಲ್ಪ ಹೊತ್ತು ಬಿಟ್ಟು ಹುಡುಗನಿಗೆ ಏನಾಯಿತು ಎಂದು ಕೇಳಿದೆ. "ಏನಿಲ್ಲ. ರಾವಲ್ಪಿಂಡಿಯಲ್ಲಿ ಕಾಮಾಲೆ ಹಿಡಿದು ಮಲಗಿದ್ದ. ನಾಲಾಯಕ್! ಅಮ್ಮ ಗಾಬರಿಯಾಗುತ್ತಾಳೆ ಅಂತ ತಿಳಿಸಿರಲಿಲ್ಲವಂತೆ." ಸ್ಟಿಯರಿಂಗ್ ಗುದ್ದಿಕೊಂಡು ನಕ್ಕರು. ನಾನೂ ನಕ್ಕೆ, ಈ ಸಲ ಸರಿಯಾಗಿ.

ಮರುದಿನ ಬೆಳಿಗ್ಗೆ ಯಜಮಾನರೇ ಡಬ್ಬಿ ತಂದುಕೊಟ್ಟರು. ಖಾಲಿ ಡಬ್ಬಿ ಹಿಂದಿರುಗಿಸಬಾರದೆಂಬ ಶಾಸ್ತ್ರ ಅವರಲ್ಲೂ ಉಂಟು. ತುಂಬ ಮಸೂರ್ ಬೇಳೆ. ಬಾಜಿ ಅಷ್ಟೂ ಕಾಲ ಅದರಲ್ಲಿ ಅದನ್ನೇ ಇಟ್ಟಿದ್ದರಂತೆ.

ಮುಂದಿನ ವರ್ಷ ಸರ್ಕಾರ ಒಂದು ಪಟ್ಟಿ ಹೊರಡಿಸಿತು. ಇಪ್ಪತ್ತೈದು ದೇಶಗಳ ಗಂಡಸರು, ವೀಸಾದ ಮೇಲಿದ್ದವರು, ಕಚೇರಿಗೆ ಹೋಗಿ ಬೆರಳಚ್ಚು ಕೊಟ್ಟು ಹೆಸರು ಬರೆಸಬೇಕು. ಪಾಕಿಸ್ತಾನ ಇತ್ತು, ಭಾರತ ಇರಲಿಲ್ಲ. ಲಾಹೋರಣ್ಣ ಪ್ರಜೆಯಾದ್ದರಿಂದ ಪಾರು, ಬಾಜಿಯ ತಮ್ಮ ಹೋಗಬೇಕಾಯಿತು. ನಾನೇ ಕಾರಿನಲ್ಲಿ ಬಿಟ್ಟುಬಂದೆ. ಪಟ್ಟಿಯಲ್ಲಿ ನಮ್ಮ ಹೆಸರಿಲ್ಲವೆಂದು ಒಳಗೊಳಗೇ ಖುಷಿಪಟ್ಟೆನೇ? ಪಟ್ಟೆ. ಬರೆದುಬಿಡುತ್ತೇನೆ.

2011ರಲ್ಲಿ ನನ್ನ ಸರದಿ. ಕಸಮ್ ತಿನ್ನುವ ದಿನ ಲಾಹೋರಣ್ಣ ಸೂಟು ಹಾಕಿಕೊಂಡು ಬಂದು ಪ್ರೇಕ್ಷಕರಲ್ಲಿ ಮುಂದಿನ ಸಾಲಿನಲ್ಲಿ ಕೂತರು. ಆ ಪ್ರಮಾಣವಚನದಲ್ಲಿ ಪರದೇಶದ ಯಾವ ರಾಜನಿಗೂ ದೊರೆಗೂ ನಿಷ್ಠನಲ್ಲ ಎಂದು ಹೇಳಬೇಕು. ಬಲಗೈ ಎತ್ತಿ ಹೇಳುವಾಗ ನನ್ನ ಕಣ್ಣ ಮುಂದೆ ಬಂದದ್ದು ಭಾರತ ಗಣರಾಜ್ಯವಲ್ಲ. ಕೊನೆಯವರೆಗೂ 'ಮಹಾಸ್ವಾಮಿಯವರು' ಎನ್ನುತ್ತಿದ್ದ ನನ್ನ ಅಜ್ಜಿ. ಗೋಡೆಯ ಮೇಲಿನ ಒಡೆಯರ ಪಟಕ್ಕೆ ದಸರೆಯಲ್ಲಿ ಅವಳು ಮುಡಿಸುತ್ತಿದ್ದ ಸೇವಂತಿಗೆ. ಅಜ್ಜಿಗೆ ಗೊತ್ತಾಗದಂತೆ ಸಣ್ಣ ದನಿಯಲ್ಲಿ ಹೇಳಿ ಮುಗಿಸಿದೆ.

ಆಮೇಲಿನದು ತಮಾಷೆ. ಅಮೆರಿಕದ ಪ್ರಜೆಯಾದರೂ ಪಾಕಿಸ್ತಾನ ತನ್ನವರ ಪೌರತ್ವ ಕಿತ್ತುಕೊಳ್ಳುವುದಿಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಹೀಗಾಗಿ ಹತ್ತಕ್ಕೆ ಹತ್ತು ಎಣಿಸಿ ಕೂಗಿದ ನನ್ನ ಪಾಸ್‌ಪೋರ್ಟು ರದ್ದಾಗಿ ಮೂಲೆ ಕತ್ತರಿಸಿಕೊಂಡು ಬಂತು. ಕಸಮ್ ತಿಂದು ಜೀರ್ಣಿಸಿಕೊಂಡ ಅವರದು ಬೀರುವಿನಲ್ಲಿ ಭದ್ರ. ನನಗೆ ಭಾರತ ಸಾಗರೋತ್ತರ ಪ್ರಜೆ ಎಂಬ ಕಾರ್ಡು ಕೊಟ್ಟಿತು. ಬೇಕಾದಾಗ ಮೈಸೂರಿಗೆ ಹೋಗಬಹುದು. ಒಮ್ಮೆ ಪಾಕಿಸ್ತಾನದ ಪ್ರಜೆಯಾದವರಿಗೆ ಆ ಕಾರ್ಡು ಇಲ್ಲ. ಲಾಹೋರಣ್ಣ ಜಾಲಂಧರವನ್ನು ಇನ್ನೂ ನೋಡಿಲ್ಲ.

ಈಗ ನಾವು ನೇಪರ್‌ವಿಲ್‌ನಲ್ಲಿ, ಅವರು ಮಗನ ಜೊತೆ ಸ್ಕೋಕಿಯಲ್ಲಿ. ಕೆಂಪು ಇಟ್ಟಿಗೆಯ ಕಟ್ಟಡದಲ್ಲಿ ಬೇರೆ ಯಾರೋ ಇದ್ದಾರೆ. 2025ರ ಮೇನಲ್ಲಿ ಎರಡೂ ದೇಶಗಳ ನಡುವೆ ಮತ್ತೆ ಕಾಳಗ ಶುರುವಾದಾಗ ನಾಲ್ಕು ದಿನ ನಾನು ಫೋನ್ ಮಾಡಲಿಲ್ಲ, ಅವರೂ ಮಾಡಲಿಲ್ಲ. ಮಗಳು ಕೇಳಿದಳು, "ಅಂಕಲ್‌ಗೆ ಯಾಕಪ್ಪಾ ಫೋನ್ ಮಾಡಿಲ್ಲ?" ಅವಳಿಗೆ ಅಭ್ಯಾಸವಿಲ್ಲ. ನಮಗೆ ಇದೆ. ಇಂಥ ಹೊತ್ತಿನಲ್ಲಿ ಬಾಯಿ ತೆಗೆದರೆ ಏನು ಹೊರಗೆ ಬರುತ್ತದೋ ನಮಗೇ ಗೊತ್ತಿರುವುದಿಲ್ಲ. ಮೇ 10, ಶನಿವಾರ, ಎರಡೂ ಕಡೆ ಗುಂಡು ನಿಂತ ಸುದ್ದಿ ಬಂತು. ಆಗಲೂ ಮಾಡಲಿಲ್ಲ.

ಫೋನ್ ಬಂದದ್ದು ಮೇ ಕೊನೆಗೆ. ಅವರದೇ. ಧ್ವನಿ ಮುದಿಯಾಗಿದೆ, ಟೀಕೆ ಮೊದಲಿನಷ್ಟೇ ಹರಿತ. "ಮಸೂರ್ ಸಾಹಬ್, ಜೈಪುರದಲ್ಲಿ ಒಬ್ಬ ಮಿಠಾಯಿ ಅಂಗಡಿಯವನು ನಿಮ್ಮ ಮೈಸೂರ್ ಪಾಕ್‌ನ ಹೆಸರು ಮೈಸೂರ್ ಶ್ರೀ ಅಂತ ಬದಲಾಯಿಸಿದ್ದಾನಂತೆ. ಪಾಕ್ ತೆಗೆದುಬಿಟ್ಟನಂತೆ!"

ಓದಿದ್ದೆ. ಓದಿ ಹೊಟ್ಟೆ ಉರಿದುಕೊಂಡಿದ್ದೆ. ಪಾಕ್‌ಗೂ ಪಾಕಿಸ್ತಾನಕ್ಕೂ ಏನು ಸಂಬಂಧ? ಒಂದೆಳೆ ಪಾಕ, ಎರಡೆಳೆ ಪಾಕ, ನಳಪಾಕ. ಪಾಕ ತೆಗೆದರೆ ಉಳಿಯುವುದು ಕಡಲೆಹಿಟ್ಟು. ಇದನ್ನೆಲ್ಲ ಅವರಿಗೆ ಹೇಳುತ್ತಾ ಹೋದೆ. ಅವರು ಕೇಳಿಸಿಕೊಂಡರು.

"ಸ್ವಾತಂತ್ರ್ಯ ಎಲೆಕೋಸು," ಅಂದರು ಕೊನೆಗೆ.

ಇಬ್ಬರೂ ಬಹಳ ಹೊತ್ತು ನಕ್ಕೆವು. ಬಾಜಿ ತೀರಿಕೊಂಡ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೂಗಿ, ಈ ಭಾನುವಾರ ಮಾಡಿ ತರುತ್ತೇವೆ ಅಂತ ಹೇಳಿ, ಡಬ್ಬಿ ಮಾತ್ರ ಅವತ್ತೇ ವಾಪಸ್ ಬೇಕು ಅಂತಲೂ ಹೇಳಿ, ಅಂದಳು. ಹೇಳಿದೆ.

ಫೋನ್ ಇಡುವ ಮುಂಚೆ ಏನೋ ಹೇಳಬೇಕೆನಿಸಿತು. "ಚಲೋ ಲಾಹೋರಣ್ಣ, ಜಂಗ್ ಖತಮ್ ಹುಯೀ," ಅಂದೆ.

ಆ ಕಡೆ ಎರಡು ಕ್ಷಣ ಸದ್ದಿಲ್ಲ.

"ಶಾಬಾಶ್," ಅಂದರು ಮೇಷ್ಟ್ರು.